ಕಾರಿನ ಅಡಿಹೊಟ್ಟೆಯ ನೀರು

ಯಾವುದನ್ನೇ ಆಗಲಿ, ತೊಳೆಯುವುದು ದೊಡ್ಡ ವಿದ್ಯೆಯೇನಲ್ಲ. ಸುರಿದರೆ ಸಾಕು, ಅರ್ಧ ಕೆಲಸವನ್ನು ನೀರೇ ಮಾಡಿಕೊಳ್ಳುತ್ತದೆ. ಮನುಷ್ಯರ ಸ್ವಭಾವ ಬಯಲಾಗುವುದು ಒಣಗಿಸುವಾಗ. ತೊಳೆದ ಪಾತ್ರೆಗಳನ್ನು ಹಾಗೇ ಬುಟ್ಟಿಗೆ ಬೋರಲು ಹಾಕಿ ಕೈ ಕೊಡವಿಕೊಂಡು ಹೋಗುವವರದು ಒಂದು ಪಂಗಡ. ಒಂದೊಂದೇ ಲೋಟವನ್ನು ಒರೆಸಿ, ಬೆಳಕಿಗೆ ಹಿಡಿದು ನೋಡಿ ಕಪಾಟಿನಲ್ಲಿ ಜೋಡಿಸುವವರದು ಇನ್ನೊಂದು. ತಲೆಗೆ ಸ್ನಾನ ಮಾಡಿ, ತೊಟ್ಟಿಕ್ಕುವ ಜಡೆಯಲ್ಲೇ ಓಡಿಹೋಗಿ ಬಸ್ಸು ಹತ್ತಿ, ಪಕ್ಕದಲ್ಲಿ ಕೂತವರ ಭುಜವನ್ನೂ ನೆನೆಸುವವರು ಮೂರನೆಯವರು. ನಾನು ಈ ಮೂರನೆಯ ಪಂಗಡದವಳು. ನಂಜನಗೂಡಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳಾದ್ದರಿಂದ, ನೀರು ತಾನಾಗಿಯೇ ಆವಿಯಾಗುತ್ತದೆ ಎಂಬುದರಲ್ಲಿ ನನಗೆ ಶಾಸ್ತ್ರೋಕ್ತವಾದ ನಂಬಿಕೆ. ನಮ್ಮ ಯಜಮಾನರು ಪುಟ್ಟಸ್ವಾಮಿಯವರು ಮಾತ್ರ ಯಾವ ಪಂಗಡಕ್ಕೂ ಸೇರುತ್ತಿರಲಿಲ್ಲ. ಸ್ನಾನ ಮಾಡಿ ಬಂದರೆ ಅವರ ಬೆನ್ನ ಮೇಲಿನ ನೀರಿಗೆ ಅಂಗಿಯೇ ಟವೆಲ್ಲು. ಆದರೆ ಕಾರು ತೊಳೆದರೆ, ಅದರ ಮೈಮೇಲೆ ಒಂದು ಹನಿ ಉಳಿದರೂ ಅವರಿಗೆ ಊಟ ಸೇರುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು ಇದು. ಯಾರೋ ಬಳಸಿ ಬಿಟ್ಟ ತಿಳಿನೀಲಿ ಬಣ್ಣದ ಹಳೆಯ ಕಾರೊಂದು ನಮ್ಮ ಮನೆಗೆ ಬಂತು. ನಮ್ಮ ಬೀದಿಗೇ ಅದು ಮೊದಲ ಕಾರು. ಇವರು ನೀರಾವರಿ ಕಚೇರಿಯಲ್ಲಿ ಗುಮಾಸ್ತರು. ವಾರವೆಲ್ಲ ಕಾಲುವೆಯ ನೀರನ್ನು ಕೊನೆಯ ಗದ್ದೆಯವರೆಗೂ ಮುಟ್ಟಿಸುವ ಕಾಗದಪತ್ರಗಳಲ್ಲಿ ಮುಳುಗಿದ್ದು, ಭಾನುವಾರ ಬಂತೆಂದರೆ ನೀರನ್ನು ಓಡಿಸುವುದಕ್ಕೆ ಪಂಚೆ ಎತ್ತಿ ಕಟ್ಟುತ್ತಿದ್ದರು. ನಮ್ಮ ಕೊಳವೆಬಾವಿಯ ನೀರೋ ಬಲು ಗಡಸು. ಕಾರಿನ ಮೇಲೆ ಹಾಗೇ ಒಣಗಿದರೆ ಹನಿಹನಿಗೂ ಬಿಳಿ ಬೊಟ್ಟು ಕೂರುತ್ತಿತ್ತು. ಒಮ್ಮೆ ನಾನು, 'ಬಿಡಿ, ಬಿಸಿಲಲ್ಲಿ ತಾನೇ ಆರುತ್ತೆ' ಎಂದು ನನ್ನ ಶಾಸ್ತ್ರವನ್ನು ಪ್ರಯೋಗಿಸಿದ್ದಕ್ಕೆ ಕಾರಿಗೆ ಸಿಡುಬು ಎದ್ದ ಹಾಗಾಗಿತ್ತು. ಅಂದಿನಿಂದ ಇವರು ನನ್ನ ವಿಜ್ಞಾನವನ್ನು ಕಾಲೇಜಿನ ಕಾಂಪೌಂಡಿನಾಚೆ ನಂಬುವುದನ್ನು ಬಿಟ್ಟರು.

ಒರೆಸುವುದಕ್ಕೂ ಒಂದು ಕ್ರಮವಿತ್ತು. ಮೊದಲು ನೆತ್ತಿ, ಆಮೇಲೆ ಗಾಜು, ಆಮೇಲೆ ಮೂತಿ, ಬಾಗಿಲುಗಳು, ಕೊನೆಗೆ ಚಕ್ರ. ಮೇಲಿಂದ ಕೆಳಕ್ಕೆ ಬರಬೇಕೇ ಹೊರತು ಕೆಳಗಿನ ಬಟ್ಟೆ ಮೇಲಕ್ಕೆ ಹೋಗಕೂಡದು. ಹೊಸ ಟವೆಲ್ಲು ನೂಲು ಬಿಡುತ್ತದೆ ಎಂದು ಬದನವಾಳಿನಿಂದ ಖಾದಿ ಪಂಚೆ ತಂದು, ಅದನ್ನು ಒಗೆದೂ ಒಗೆದೂ ಮೆತ್ತಗೆ ಮಾಡಿ, ಕಾರಿಗಾಗಿಯೇ ಎತ್ತಿಟ್ಟಿದ್ದರು. ಒಂದು ದಿನ ಅವಸರದಲ್ಲಿ ಆ ಪಂಚೆಯಲ್ಲಿ ನಾನು ಇಡ್ಲಿ ತಟ್ಟೆ ಒರೆಸಿಬಿಟ್ಟೆ. ಮನೆಗೆ ಸೂತಕ ಹೊಕ್ಕ ಹಾಗಾಯಿತು. ಸಂಜೆಗೆ ಇವರು, 'ನೋಡು ಸರೋಜ, ತಟ್ಟೆ ಬೇಕಾದ್ರೆ ಹೊಸದು ತರಬಹುದು' ಎಂದಷ್ಟೇ ಹೇಳಿದರು.

ಈ ಭಾನುವಾರದ ಕಲಾಪಕ್ಕೆ ಅಧ್ಯಕ್ಷತೆ ನಮ್ಮ ಅತ್ತೆಯವರದು. ಹೆಸರು ಸಾಕಮ್ಮ. ತಿ. ನರಸೀಪುರದ ಕಡೆಯ ಹೆಮ್ಮಿಗೆಯಲ್ಲಿ ಹುಟ್ಟಿ, ಅಲ್ಲೇ ಗದ್ದೆಯಿದ್ದ ಮನೆಗೆ ಸೊಸೆಯಾಗಿ, ನಾಟಿ ಕೊಯ್ಲು ಕಣ ಎಲ್ಲವನ್ನೂ ಗಂಡಸರಿಗಿಂತ ಒಂದು ಕೈ ಮೇಲಾಗಿ ಮಾಡಿದವರು. ಸಕ್ಕರೆ ಕಾಯಿಲೆ ಬಂದು ಪಾದಗಳು ಮರಗಟ್ಟಿದ ಮೇಲೆ ನಮ್ಮ ಜೊತೆಗಿದ್ದರು. ಕಾಲಿನ ಸ್ಪರ್ಶವೆಲ್ಲ ಕಣ್ಣಿಗೆ ಹೋಗಿ ಸೇರಿತ್ತೋ ಏನೋ, ಜಗಲಿಯ ಮೇಲೆ ಕಾಲು ಚಾಚಿ ಕೂತು ಅಲ್ಲಿಂದಲೇ ಕಾರಿನ ಹನಿಗಳನ್ನು ಎಣಿಸುತ್ತಿದ್ದರು.

'ಲೇ ಪುಟ್ಟ, ಎಲ್ಲಾ ಒರಸ್ದೆ ಸರಿ. ಅಗೋ, ಆ ಕನ್ನಡಿ ಕೆಳೀಕೆ ಒಂದು ಅನಿ ನೇತಾಡ್ತಾ ಅದೆ ನೋಡು. ಬೀಳ್ತದೆ... ಬೀಳ್ತದೆ... ಬಿತ್ತು ಕಣ್ಲಾ!'

'ಕಾಣ್ತು ಸುಮ್ನಿರವ್ವ.'

'ನೀನು ಉಟ್ಟಿದಾಗ ನಿನ್ನೇ ನಾನು ಇಷ್ಟು ಒರಸ್ನಿಲ್ಲ ಕಣಪ್ಪ. ಒಂದು ಅರಕು ಸೀರೇಲಿ ಸುತ್ತಿ ಮೂಲೇಲಿ ಮಡಗಿದ್ದೆ. ಬೆಳೀಲಿಲ್ವ ನೀನು?'

'ಅದಕ್ಕೇ ನಂಗೆ ಹಿಂಗೆ ನೆಗಡಿ' ಎಂದು ಇವರು ಸೀನುತ್ತಿದ್ದರು. ಅತ್ತೆ ನಗುವಾಗ ಇಡೀ ಮೈ ಕುಲುಕುತ್ತಿತ್ತು, ಪಾದಗಳು ಮಾತ್ರ ಬೇರೆ ಯಾರವೋ ಎಂಬಂತೆ ಸುಮ್ಮನಿರುತ್ತಿದ್ದವು.

ಮೇಲೆಲ್ಲ ಒರೆಸಿ ಮುಗಿದ ಮೇಲೂ ಕಾರು ಅಳುತ್ತದೆ ಎಂಬುದು ಇವರ ದೊಡ್ಡ ದುಃಖ. ಬಾಗಿಲ ಸುತ್ತಲಿನ ರಬ್ಬರಿನ ಪಟ್ಟಿಯೊಳಗೆ ಅಡಗಿಕೊಂಡ ನೀರು, ಇವರು ಬೆನ್ನು ತಿರುಗಿಸಿದೊಡನೆ ಸಣ್ಣಗೆ ಇಳಿದು ಗೆರೆ ಎಳೆಯುತ್ತಿತ್ತು. ಅದಕ್ಕೆ ಇವರು ಸ್ವಂತವಾಗಿ ಒಂದು ಉಪಾಯ ಕಂಡುಹಿಡಿದರು. ಅತ್ತೆಯ ಹಳೆಯ ಸೀರೆಗಳನ್ನು ಅಂಗೈಯಗಲದ ಪಟ್ಟಿಗಳಾಗಿ ಹರಿದು, ಮಡಿಸಿ, ಬಾಗಿಲ ಸಂದಿಗೆ ಉದ್ದಕ್ಕೂ ಒತ್ತಿ, ಬಾಗಿಲನ್ನು ಜೋರಾಗಿ ಹಾಕಿಬಿಡುವುದು. ಬಟ್ಟೆ ನೀರನ್ನು ಹೀರಿಕೊಂಡ ಮೇಲೆ ತೆಗೆಯುವುದು. ಆ ಹೊತ್ತಿನಲ್ಲಿ ನಮ್ಮ ಕಾರು ನಾಲ್ಕೂ ಕಡೆಯಿಂದ ಬಣ್ಣಬಣ್ಣದ ನಾಲಿಗೆ ಚಾಚಿದ ಹಾಗೆ ಕಾಣುತ್ತಿತ್ತು. ಇನ್ನು ಇಷ್ಟು ಕಷ್ಟಪಟ್ಟು ಒಣಗಿಸಿದ ಕಾರಿನೊಳಕ್ಕೆ ಯಾರೂ ಚಪ್ಪಲಿ ಹಾಕಿಕೊಂಡು ಕೂರುವಂತಿರಲಿಲ್ಲ. ದೇವಸ್ಥಾನಕ್ಕೆ ಹೋದ ಹಾಗೆ ಹೊರಗೇ ಬಿಟ್ಟು, ಒಂದು ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿಡಬೇಕು. ಮದುವೆ ಮನೆಗಳ ಮುಂದೆ ನಾವು ಡಿಕ್ಕಿ ತೆಗೆದು ಚಪ್ಪಲಿ ಹುಡುಕುತ್ತ ನಿಂತದ್ದನ್ನು ನೋಡಿ ನೆಂಟರು ನಕ್ಕಿದ್ದಾರೆ.

ಇಷ್ಟೆಲ್ಲ ಆದರೂ ಕೈಗೆ ಸಿಗದೆ ಉಳಿಯುತ್ತಿದ್ದದ್ದು ಕಾರಿನ ಅಡಿಹೊಟ್ಟೆಯ ನೀರು. ಅಲ್ಲಿಗೆ ಬಟ್ಟೆ ಮುಟ್ಟದು, ಬಿಸಿಲೂ ಮುಟ್ಟದು. ನೀರು ನಿಂತರೆ ತುಕ್ಕು, ತುಕ್ಕು ಹಿಡಿದರೆ ಕಾರಿನ ಕತೆ ಮುಗಿಯಿತು ಎಂದು ಇವರು ನೆಲದ ಮೇಲೆ ಅಂಗಾತ ಮಲಗಿ, ಕಾರಿನ ಕೆಳಗೆ ತಲೆ ತೂರಿಸಿ ನಿಟ್ಟುಸಿರು ಬಿಡುತ್ತಿದ್ದರು. ಅದಕ್ಕೆ ಉಳಿದದ್ದು ಗಾಳಿಯೊಂದೇ. ಹಾಗಾಗಿ ಕಾರು ತೊಳೆದ ದಿನ 'ಒಣಗಿಸುವ ಸವಾರಿ' ಎಂದು ಒಂದು ನಡೆಯುತ್ತಿತ್ತು. ಊರ ಹೊರಗಿನ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿಕೊಂಡು ಬರುವುದು. ನಾವು ಎಲ್ಲಿಗೋ ಹೋಗಬೇಕೆಂದು ಕಾರು ತೊಳೆಯುತ್ತಿದ್ದೆವೋ, ಕಾರು ತೊಳೆದೆವೆಂದು ಎಲ್ಲಿಗಾದರೂ ಹೋಗುತ್ತಿದ್ದೆವೋ ಹೇಳುವುದು ಕಷ್ಟ.

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ. ಹೆಮ್ಮಿಗೆಯಲ್ಲಿರುವ ತಂಗಿಯನ್ನು ನೋಡಿ, ಸೊಗಡಿನ ಅವರೆಕಾಯಿ ತರಬೇಕೆಂದು ಅತ್ತೆಗೆ ಆಸೆ. ಒಣಗಿಸುವ ಸವಾರಿ ಅತ್ತಲೇ ಆಗಲಿ ಎಂದು ಇವರು ಒಪ್ಪಿದರು. ಹೊರಡುವ ಅವಸರದಲ್ಲಿ ಬಟ್ಟೆಯ ಪಟ್ಟಿಗಳನ್ನೆಲ್ಲ ಎಳೆದು ತೆಗೆದರು. ಎಡಗಡೆಯ ಹಿಂಬಾಗಿಲು ಮಾತ್ರ ಬಿಗಿದುಕೊಂಡಿತ್ತು. ಒದ್ದೆ ಬಟ್ಟೆ ಚಿಲಕದ ಬಾಯಿಗೆ ಸಿಕ್ಕಿದೆ, ಒಣಗಿದರೆ ತಾನೇ ಸಡಿಲವಾಗುತ್ತದೆ ಎಂದು ಅತ್ತೆಯನ್ನು ಬಲಗಡೆಯಿಂದ ಹತ್ತಿಸಿ ಕೂರಿಸಿದರು. ಹೊರಗೆ ಉಳಿದ ಅಂಚಿನ ತುದಿಯನ್ನು ನೋಡಿ ಅತ್ತೆ, 'ಇದು ನನ್ ನಾಗರಪಂಚ್ಮಿ ಸೀರೆ ಅಲ್ವೇನವ್ವ? ಕಾರ್ಗೆ ಉಡ್ಸವ್ನೆ' ಎಂದರು. ಮೂವರೂ ಬರಿಗಾಲಲ್ಲಿ ಹೊರಟೆವು.

ನರಸೀಪುರದ ದಾರಿಯಲ್ಲಿ ಆ ಕಾಲದಲ್ಲಿ ಓಡಾಡಿದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹುರುಳಿ ಕೊಯ್ಲಿನ ಹೊತ್ತಿಗೆ ಟಾರು ರಸ್ತೆಯೇ ಕಣ. ಕಿತ್ತು ಒಣಗಿಸಿದ ಹುರುಳಿ ಬಳ್ಳಿಯನ್ನು ರಸ್ತೆಯ ಮೇಲೆ ಮೊಣಕಾಲುದ್ದ ಹರವಿಬಿಡುತ್ತಾರೆ. ಬಸ್ಸು, ಲಾರಿ ಅದರ ಮೇಲೆ ಹಾದುಹೋದರೆ ಒಕ್ಕಣೆಯಾಗುತ್ತದೆ. ರೈತರು ಬದಿಯಲ್ಲಿ ಕವೆಗೋಲು ಹಿಡಿದು ನಿಂತು ಮಗುಚುತ್ತಿರುತ್ತಾರೆ. ಅವತ್ತು ಒಂದು ಕಡೆ ಹಾಗೆ ಹರವಿದ್ದನ್ನು ಕಂಡು ಇವರು ಕಾರಿನ ವೇಗ ತಗ್ಗಿಸಿದರು. ತಲೆಗೆ ಟವೆಲ್ಲು ಸುತ್ತಿದ್ದ ಮಾದಪ್ಪ ಎಂಬ ರೈತ, ಅವನ ಹೆಸರು ನಮಗೆ ಆಮೇಲೆ ಗೊತ್ತಾದದ್ದು, ಕಿಟಕಿಗೆ ಬಗ್ಗಿದ.

'ಸಾ, ಒಂದೆಲ್ಡು ಸುತ್ತು ಇದ್ರ ಮ್ಯಾಲೇ ಒಡುದ್ಬುಟ್ಟು ಓಗಿ ಸಾ. ಬಸ್ಸು ಓಯ್ತು, ಮದ್ಯಾನದ ಗಂಟ ಇನ್ನೊಂದಿಲ್ಲ.'

ಇವರು ಅನುಮಾನಿಸಿದರು. ಹಿಂದಿನ ಸೀಟಿನಿಂದ ಅತ್ತೆಯ ಅಪ್ಪಣೆಯಾಯಿತು. 'ಓಗ್ಲಾ ಮಗ, ಒಡಿ. ಎತ್ತು ಕಟ್ಟಿ ತುಳ್ಸೋ ಕಾಲ್ದಲ್ಲಿ ಇಸ್ಕೂಲ್ಗೆ ಓಡೋಯ್ತಿದ್ದೆ. ಈವತ್ತಾದ್ರೂ ಕಣ ತುಳಿ, ನಾನು ನೋಡ್ತೀನಿ.'

ಇವರ ಮುಖದಲ್ಲಿ ಆಗ ಒಂದು ಬೆಳಕು ಮೂಡಿತು. ಅದು ತಾಯಿಯ ಮಾತಿನಿಂದ ಬಂದದ್ದೆಂದು ನಾನು ತಿಳಿದೆ. ಇವರು ನನ್ನ ಕಡೆ ತಿರುಗಿ, 'ಸರೋಜ, ಹುಲ್ಲು ನೋಡು ಎಷ್ಟು ಗರಿಗರಿ ಒಣಗಿದೆ. ನಾವು ಇದರ ಮೇಲೆ ಹೋದ್ರೆ ಇದು ಕಾರಿನ ಅಡಿಭಾಗಾನ ಉಜ್ಜುತ್ತೆ. ಅಡಿಹೊಟ್ಟೆ ನೀರೆಲ್ಲ ಇದೇ ಹೀರ್ಕೊಳ್ಳುತ್ತೆ!' ಎಂದರು. ಬಟ್ಟೆ ಮುಟ್ಟದ ಜಾಗಕ್ಕೆ ಕೊನೆಗೂ ಒಂದು ಟವೆಲ್ಲು ಸಿಕ್ಕಿದ ಸಂತೋಷ ಅದು. ನಾನು ಇಳಿದು, ಮಾದಪ್ಪನ ಹೆಂಡತಿ ಗುಡ್ಡೆ ಮಾಡುತ್ತಿದ್ದ ಕಾಳನ್ನು ನೋಡುತ್ತ ಬದಿಯಲ್ಲಿ ನಿಂತೆ.

ಕಾರು ಹೋಗುವುದು, ತಿರುಗಿಸಿಕೊಂಡು ಬರುವುದು, ಮತ್ತೆ ಹೋಗುವುದು. ಕಾಳು ಪಟಪಟ ಸಿಡಿಯುತ್ತಿತ್ತು. ಅತ್ತೆ ಕಿಟಕಿಯಿಂದ ಕೈ ಹೊರಗೆ ಚಾಚಿ, 'ಆ ಅಂಚ್ನಲ್ಲಿ ಬುಟ್ಟೆ ಕಣ್ಲಾ, ಅಂಚು ತುಳಿ!' ಎಂದು ಕೂಗುತ್ತಿದ್ದರು. ಅವರನ್ನು ಅಷ್ಟು ಗೆಲುವಾಗಿ ನಾನು ಕಂಡೇ ಇರಲಿಲ್ಲ. ಮಾದಪ್ಪನ ಹೆಂಡತಿ, 'ಅಜ್ಜಿ ಜೋರಾಗವ್ಳೆ' ಎಂದು ನಕ್ಕಳು. 'ಗದ್ದೆ ಆರಂಬ ಮಾಡಿದ ಜೀವ ಕಣಮ್ಮ' ಎಂದು ನಾನೂ ನಕ್ಕೆ.

ಆಮೇಲೆ ಒಂದು ಘಮ ಬಂತು. ಹುರಿದ ಕಾಳಿನ ಘಮ. ನಾನು ಅದನ್ನು ಉಸಿರೆಳೆದು ಸವಿದೆ. ಕಾರಿನ ಕೆಳಗಿನಿಂದ ಬೆಳ್ಳಗೆ ಏನೋ ಏಳುತ್ತಿತ್ತು. ನೀರು ಆವಿಯಾಗುತ್ತಿದೆ, ಅಂತೂ ಅಡಿಹೊಟ್ಟೆ ಒಣಗುತ್ತಿದೆ, ಇವರಿಗೆ ಹೇಳಬೇಕು ಎಂದುಕೊಂಡೆ. ಹಾಗೆ ನಾನು ನಿಜವಾಗಿಯೂ ಅಂದುಕೊಂಡೆ. ಪದವಿ ಪಡೆದ ತಲೆ ಅದು. ಅಷ್ಟರಲ್ಲಿ ಮಾದಪ್ಪ ಕವೆಗೋಲು ಬಿಸಾಡಿ ಓಡಿದ. 'ಸಾ! ಬೆಂಕಿ ಸಾ! ಇಳೀರಿ!'

ಬಳ್ಳಿ ಕಾರಿನ ಕೆಳಗೆ ಸುತ್ತಿಕೊಂಡು, ಹೊಗೆ ಉಗುಳುವ ಬಿಸಿ ಕೊಳವೆಗೆ ತಾಗಿ ಹೊತ್ತಿತ್ತು. ಬಲಗಡೆಯಿಂದ ಉರಿ ಒಮ್ಮೆಗೇ ಬಾಗಿಲೆತ್ತರಕ್ಕೆ ಎದ್ದಿತು. ಇವರು ಮುಂದಿನ ಬಾಗಿಲಿನಿಂದ ಹಾರಿ, ಕಾರನ್ನು ಬಳಸಿ ಓಡಿಬಂದು, ಎಡಗಡೆಯ ಹಿಂಬಾಗಿಲಿಗೆ ಕೈಹಾಕಿದರು. ಅದು ಬರಲಿಲ್ಲ. ಹೊರಗೆ ಚಾಚಿದ್ದ ಸೀರೆಯ ತುದಿಯನ್ನು ಹಿಡಿದು ಎಳೆದರು. ಅದು ಹರಿದು ಕೈಗೆ ಬಂತು. ಮತ್ತೆ ಎಳೆದರು, ಮತ್ತೊಂದು ಚೂರು ಬಂತು. ಗಾಜಿನಾಚೆ ಅತ್ತೆ ಕೂತೇ ಇದ್ದರು. ಅವರಿಗೆ ಗಾಬರಿಯೇ ಇರಲಿಲ್ಲ, ಏಕೆಂದರೆ ಅವರ ಕಾಲಿಗೆ ಏನೂ ತಿಳಿಯುತ್ತಿರಲಿಲ್ಲ. ಕಾರಿನ ನೆಲ ಕಾದ ಹೆಂಚಾಗಿತ್ತು, ಅವರು ಅದರ ಮೇಲೆ ಬರಿಗಾಲು ಊರಿಕೊಂಡು, 'ಯಾಕ್ಲಾ ಮಗ, ಏನಾಯ್ತು?' ಎಂದು ಕೇಳುತ್ತಿದ್ದರು. ನಾನು ಓಡುತ್ತ ಓಡುತ್ತ ಕೂಗಿದ್ದು ಏನು ಗೊತ್ತೆ? 'ಅತ್ತೆ, ಚಪ್ಪಲಿ! ಚಪ್ಪಲಿ ಹಾಕಿಕೊಳ್ಳಿ!' ಡಿಕ್ಕಿಯಲ್ಲಿದ್ದ ಚಪ್ಪಲಿಯನ್ನು ಅವರು ಎಲ್ಲಿಂದ ಹಾಕಿಕೊಳ್ಳಬೇಕಿತ್ತೋ.

ಮುಂದಿನ ಎಡಬಾಗಿಲನ್ನು ತೆರೆದವನು ಮಾದಪ್ಪ. ನಾನು ಇಳಿದಿದ್ದ ಬಾಗಿಲು ಅದು. ಅವನು ಒಳಕ್ಕೆ ನುಗ್ಗಿ, ಸೀಟಿನ ಮೇಲಿಂದ ಅತ್ತೆಯ ಎರಡೂ ಕಂಕುಳಿಗೆ ಕೈಕೊಟ್ಟು, ಹೊರೆ ಎಳೆದ ಹಾಗೆ ಎಳೆದ. ನಾನೂ ಅವನ ಹೆಂಡತಿಯೂ ಹಿಡಿದುಕೊಂಡೆವು. ಅತ್ತೆಯನ್ನು ರಸ್ತೆಯಾಚೆ ಹೊಂಗೆ ಮರದಡಿ ಮಲಗಿಸಿ, ಅವರು ಉಸಿರಾಡುತ್ತಿದ್ದಾರೆಂದು ಕಂಡು, ನಾನು ತಿರುಗಿ ನೋಡಿದೆ. ಇವರು ಇನ್ನೂ ಆ ಹಿಂಬಾಗಿಲನ್ನು ಎಳೆಯುತ್ತಲೇ ಇದ್ದರು. ಒಳಗೆ ಯಾರೂ ಇರಲಿಲ್ಲ. ಮಾದಪ್ಪ ಹೋಗಿ, 'ಅಜ್ಜಿ ಆಚೆ ಅವ್ಳೆ ಸಾ, ಬನ್ನಿ ಸಾ' ಎಂದು ಸೊಂಟ ಹಿಡಿದು ಎತ್ತಿಕೊಂಡು ಬರಬೇಕಾಯಿತು. ಅವರ ಮುಷ್ಟಿಯಲ್ಲಿ ಸೀರೆಯ ಚೂರುಗಳಿದ್ದವು. ಕಾರು ಉರಿಯಿತು, ಹುರುಳಿಯೂ ಉರಿಯಿತು.

ಮೈಸೂರಿನ ಆಸ್ಪತ್ರೆಯಲ್ಲಿ ಅತ್ತೆಯ ಎರಡೂ ಪಾದಗಳಿಗೆ ದಪ್ಪಗೆ ಪಟ್ಟಿ ಕಟ್ಟಿದ್ದರು. ಬೇರೆಲ್ಲೂ ಒಂದು ಕೂದಲೂ ಕೊಂಕಿರಲಿಲ್ಲ. ನೋವೇ ಇಲ್ಲದ ರೋಗಿಯೆಂದು ಅವರು ವಾರ್ಡಿನಲ್ಲೆಲ್ಲ ಪ್ರಸಿದ್ಧರಾದರು. ಇವರು ಮಂಚದ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದರೆ ಅತ್ತೆ ನನ್ನನ್ನು ನೋಡಿ ಕಣ್ಣು ಮಿಟುಕಿಸಿ, 'ಬುಡ್ಲಾ ಮಗ, ಕಾರು ಚೆಂದಾಗಿ ಒಣಗ್ತು. ಈ ದಪ ಒಂದು ಅನೀನೂ ಉಳೀನಿಲ್ಲ' ಎಂದರು. ನಗಿಸಬೇಕೆಂದೇ ಹೇಳಿದ ಮಾತು. ನಾನು ನಕ್ಕೂಬಿಟ್ಟೆ. ಇವರು ಎದ್ದು ವರಾಂಡಕ್ಕೆ ಹೋದರು, ತುಂಬ ಹೊತ್ತು ಬರಲಿಲ್ಲ. ಮಾದಪ್ಪ ನೋಡಲು ಬಂದು, 'ನಾನು ಕೇಳ್ಬಾರ್ದಾಗಿತ್ತು ಕಣವ್ವ' ಎಂದು ಕಣ್ಣೊರೆಸಿಕೊಂಡರೆ ಅತ್ತೆ ಅವನನ್ನೇ ಸಮಾಧಾನ ಮಾಡಿದರು. 'ಉರ್ಳಿ ಕಾಳ ಉರ್ದು ಕೊಟ್ಟವ್ನಲ್ಲೋ ನನ್ ಮಗ. ಉಪ್ಪು ಆಕಂಡು ತಿನ್ನು ಓಗು.' ಬೆಂದುಹೋದ ಬೆಳೆಯ ಬಗ್ಗೆ ಅವನೂ ಮಾತೆತ್ತಲಿಲ್ಲ, ಸುಟ್ಟ ಕಾರಿನ ಬಗ್ಗೆ ನಾವೂ ಎತ್ತಲಿಲ್ಲ.

ಸಕ್ಕರೆ ಕಾಯಿಲೆಯವರ ಪಾದ. ಗಾಯ ಮಾಯಲಿಲ್ಲ. ಮೊದಲು ಒಂದು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ ತೆಗೆಯಬೇಕೆಂದರು. ಯಾವುದಕ್ಕೂ ಅತ್ತೆ ಒಪ್ಪಲಿಲ್ಲ. 'ನಂದಲ್ದೇ ಓದ ಕಾಲು, ಇದ್ದುದ್ದ ಇದ್ದಂಗೇ ತಕಂಡೋಯ್ತೀನಿ' ಎಂದರು. ಬೇಸಿಗೆ ಕಳೆಯುವುದರೊಳಗೆ ಹೋದರು. ಕೊನೆಯ ದಿನಗಳಲ್ಲಿ ಜ್ವರದ ಮಂಪರಿನಲ್ಲಿ ಅವರು ಕಾರಿನಲ್ಲಿ ಕೂತಿರುತ್ತಿದ್ದರು. 'ಅಂಚು ತುಳಿ, ಅಂಚು ತುಳಿ' ಎನ್ನುತ್ತಿದ್ದರು. ಅದು ಸಂತೋಷದ ದನಿಯೇ ಆಗಿತ್ತು ಎಂಬುದನ್ನು ನಾನು ಇವರಿಗೆ ಹಲವು ಸಲ ಹೇಳಿದ್ದೇನೆ. ಅವರಿಗೆ ಅದು ಕೇಳಿಸುತ್ತದೋ ಇಲ್ಲವೋ ತಿಳಿಯದು.

ಆಮೇಲೆ ಎಷ್ಟೋ ಕಾಲ ನಮ್ಮ ಮನೆಯಲ್ಲಿ ಕಾರು ಎಂಬ ಮಾತೇ ಇರಲಿಲ್ಲ. ಬಸ್ಸು, ಆಟೋ, ನಡಿಗೆ. ತರಗತಿಯಲ್ಲಿ ಆವಿಯಾಗುವಿಕೆಯ ಪಾಠ ಬಂದರೆ ನಾನು ಬೋರ್ಡಿನ ಕಡೆ ತಿರುಗಿ ನಿಂತು ಬೇಗ ಬೇಗ ಮುಗಿಸುತ್ತಿದ್ದೆ. ಅಡುಗೆಮನೆಯಲ್ಲಿ ಹುರುಳಿ ಹುರಿಯುವುದನ್ನು ಬಿಟ್ಟೆ. ನೆನೆಹಾಕಿ ಬೇಯಿಸಿದ ಬಸ್ಸಾರು ಮಾತ್ರ. ಆದರೆ ಮನಸ್ಸನ್ನು ಹಾಗೆ ನೆನೆಹಾಕಲು ಆಗುತ್ತದೆಯೇ? ಬಸ್ಸಿನಲ್ಲಿ ಕೂತರೆ, ಟೋಪಿ ತೆಗೆದು ಬೆವರು ಒರೆಸಿಕೊಳ್ಳುವ ಕಂಡಕ್ಟರನ್ನು ನೋಡುತ್ತಲೇ ಒಳಗೆ ಆ ಭಾನುವಾರ ಮೊದಲಿನಿಂದ ಶುರುವಾಗುತ್ತದೆ. ಪ್ರತಿ ಸಲವೂ ನಾನು ಬೆಳ್ಳಗಿನದನ್ನು ಹೊಗೆ ಎಂದೇ ಗುರುತಿಸುತ್ತೇನೆ. ಪ್ರತಿ ಸಲವೂ ಮುಂಬಾಗಿಲಿಗೇ ಓಡುತ್ತೇನೆ. ಪ್ರತಿ ಸಲವೂ ಅತ್ತೆಯನ್ನು ಚಪ್ಪಲಿಯ ಸಮೇತ ಇಳಿಸುತ್ತೇನೆ. ಅಷ್ಟರಲ್ಲಿ ನಿಲ್ದಾಣ ಬರುತ್ತದೆ.

ಬೆಳೆದು ದೊಡ್ಡವರಾದ ನಮ್ಮ ಮಕ್ಕಳ ಒತ್ತಾಯಕ್ಕೆ ಕೆಲವು ವರ್ಷಗಳ ಹಿಂದೆ ಮತ್ತೊಂದು ಕಾರು ಬಂತು. ಇವರು ಈಗಲೂ ಭಾನುವಾರ ಅದನ್ನು ತೊಳೆಯುತ್ತಾರೆ, ಆದರೆ ಒರೆಸುವುದಿಲ್ಲ. ನೀರು ಸುರಿದು, ನಾಲ್ಕೂ ಬಾಗಿಲುಗಳನ್ನು ಅಗಲವಾಗಿ ತೆರೆದಿಟ್ಟು, ತಾವು ಜಗಲಿಯ ಮೇಲೆ ಅತ್ತೆ ಕೂರುತ್ತಿದ್ದ ಜಾಗದಲ್ಲಿ ಕೂರುತ್ತಾರೆ. ಎಲ್ಲೋ ಒಂದು ಹನಿ ನೇತಾಡುತ್ತಿರುತ್ತದೆ. ಇಬ್ಬರಿಗೂ ಕಾಣುತ್ತದೆ. ಬೀಳುವವರೆಗೂ ನೋಡುತ್ತೇವೆ. ಕಾರಿನ ಮೈಯೆಲ್ಲ ಬಿಳಿ ಬೊಟ್ಟು. ಹೊಸ ಕಾರನ್ನು ಹೀಗಿಟ್ಟುಕೊಂಡಿದ್ದಾರಲ್ಲ ಎಂದು ನೆರೆಯವರು ನನ್ನನ್ನೇ ಅನ್ನುತ್ತಾರೆ. ಆರಿತೆಂದು ತಿಳಿದ ಮೇಲೆ ಇವರು ಎದ್ದು ಬಾಗಿಲುಗಳನ್ನು ಒಂದೊಂದಾಗಿ, ಮಲಗಿದ ಮಗುವಿಗೆ ಹೊದಿಸುವ ಹಾಗೆ, ಮೆಲ್ಲಗೆ ಹಾಕುತ್ತಾರೆ.

ಹೊರಡುವಾಗ ನಾನು ಹಿಂದಿನ ಸೀಟಿನಲ್ಲಿ, ಎಡಗಡೆಗೆ ಕೂರುತ್ತೇನೆ. ಚಪ್ಪಲಿ ಹಾಕಿಕೊಂಡೇ ಕೂರುತ್ತೇನೆ. ಕೂತ ಮೇಲೆ ಬಾಗಿಲನ್ನು ಒಮ್ಮೆ ತೆರೆದು ಹಾಕುತ್ತೇನೆ. ಇವರು ಎಂಜಿನ್ ಚಾಲೂ ಮಾಡಿ, ಕನ್ನಡಿಯಲ್ಲಿ ನನ್ನನ್ನು ನೋಡದೆ ಕಾಯುತ್ತಾರೆ. ಈಗ ತೆರೆದುಕೊಂಡ ಬಾಗಿಲು ಇನ್ನೊಂದು ಗಳಿಗೆಗೂ ತೆರೆದುಕೊಳ್ಳುತ್ತದೆ ಎನ್ನಲು ಯಾವ ಆಧಾರವೂ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಇಂಥದನ್ನೆಲ್ಲ ನಂಬಬಾರದೆಂದು ಕಾಲೇಜಿನ ಹುಡುಗರಿಗೆ ಹೇಳಿಕೊಟ್ಟೇ ನಾನು ಸಂಬಳ ತೆಗೆದುಕೊಂಡವಳು.

'ಆಯ್ತಾ?' ಎಂದು ಇವರು ಕೇಳುತ್ತಾರೆ.

'ಆಯ್ತು, ಹೊರಡಿ' ಎನ್ನುತ್ತೇನೆ. ಇವರು ಗೇರು ಹಾಕುತ್ತಾರೆ. ನಾನು ಇನ್ನೊಮ್ಮೆ ಬಾಗಿಲು ತೆರೆಯುತ್ತೇನೆ.